ಅತ್ತೆ ಬೋರ್ಡಿನ ಮೇಡಂ

ಹೋದ ವಾರ ನಾಗರಾಜ ಫೋನು ಮಾಡಿದ್ದ. ನಾವೆಲ್ಲ ಒಟ್ಟಿಗಿದ್ದಾಗ ಫ್ಯಾಕ್ಟರಿಯ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವನು, ಈಗ ಅಲ್ಲೇ ದೊಡ್ಡ ಕುರ್ಚಿಯಲ್ಲಿ ಕೂತಿದ್ದಾನೆ. "ಸುಧಕ್ಕ, ಮೇಡಂ ಹೋಗ್ಬುಟ್ರು. ಶನಿವಾರ ಕ್ಯಾಂಟೀನ್‌ನಾಗೆ ಶ್ರದ್ಧಾಂಜಲಿ ಸಭೆ ಮಡ್ಗಿದೀವಿ. ಅವರ ಕೈಕೆಳ್ಗೆ ಜಾಸ್ತಿ ದಿನ ಇದ್ದೋರು ನೀವೇಯ. ಬಂದು ಎರಡು ಒಳ್ಳೆ ಮಾತಾಡ್ಬೇಕು" ಅಂದ. "ಎರಡು ಸಿಗೋದು ಕಷ್ಟ ಕಣೋ ನಾಗರಾಜ, ಒಂದಾದ್ರೆ ಹುಡುಕಿ ನೋಡ್ತೀನಿ" ಅಂದೆ. ಅವನು ನಕ್ಕುಬಿಟ್ಟ, ಆಮೇಲೆ ನಗಬಾರದಿತ್ತು ಅನ್ನಿಸಿ ಕೆಮ್ಮಿದ. ಸಭೆಗೆ ನಾನು ಹೋಗಲಿಲ್ಲ.

ಸತ್ತವರನ್ನು ಬೈದರೆ ಪಾಪ ಸುತ್ತಿಕೊಳ್ಳುತ್ತೆ ಅಂತ ನಮ್ಮ ಯಜಮಾನರು ಹೇಳುತ್ತಾರೆ. ಸುತ್ತಿಕೊಳ್ಳಲಿ ಬಿಡಿ. ಆಕೆ ಬದುಕಿದ್ದಾಗ ಬೈಯುವ ಧೈರ್ಯ ನಮ್ಮಲ್ಲಿ ಯಾರಿಗಿತ್ತು? ಈಗಲಾದರೂ ಬೈದುಕೊಳ್ಳೋಣ.

ನಮ್ಮದು ಎಲೆಕ್ಟ್ರಾನಿಕ್ ಬೋರ್ಡು ತಯಾರಿಸುವ ಫ್ಯಾಕ್ಟರಿ, ಮೇಡಂ ಅಲ್ಲಿ ಬೆಸುಗೆ ಮತ್ತು ಟೆಸ್ಟಿಂಗ್ ವಿಭಾಗಗಳ ಮುಖ್ಯಸ್ಥೆ. ಎತ್ತರದ ಆಳು, ಗಂಜಿ ಹಾಕಿದ ಕಾಟನ್ ಸೀರೆ, ಸೆರಗಿಗೆ ಪಿನ್ನು, ಎಡಗೈಗೆ ಗಂಡಸರ ವಾಚು. ಊರು ಸಾತನೂರಿನ ಆಚೆ ಯಾವುದೋ ಹಳ್ಳಿ. ಕನಕಪುರದಲ್ಲಿ ಡಿಪ್ಲೊಮಾ ಓದಿ, ಆ ಕಾಲಕ್ಕೆ ಕ್ಲಾಸಿನಲ್ಲಿ ಒಬ್ಬಳೇ ಹುಡುಗಿಯಾಗಿ ಪಾಸಾಗಿ ಬಂದವರು. ಹಳ್ಳಿಯ ಮಾತನ್ನು ನಾಲಿಗೆಯಿಂದ ಪೂರ್ತಿ ಕೆರೆದು ಹಾಕಿದ್ದರು. ಒಂದೇ ಒಂದು ಸಲ, ಊರಿಂದ ಅವರ ತಮ್ಮ ಫೋನು ಮಾಡಿದಾಗ, "ಏನ್ಲಾ, ಎಮ್ಮೆ ಕರ ಹಾಕ್ತಾ? ಬತ್ತೀನಿ ಕಣ್ಲಾ ಐತ್ವಾರ" ಅಂದದ್ದನ್ನು ಕೇಳಿಸಿಕೊಂಡು ನಾವು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಫೋನು ಇಟ್ಟು ತಿರುಗಿದವರು ನಮ್ಮನ್ನು ಒಂದು ಸುತ್ತು ದಿಟ್ಟಿಸಿದರು. ಆ ದಿನ ಯಾರಿಗೂ ಟೀ ಬ್ರೇಕ್ ಇರಲಿಲ್ಲ.

ಆಕೆ ದನಿ ಎತ್ತಿದ್ದನ್ನು ನಾನು ಕಂಡಿಲ್ಲ. ದನಿ ಎತ್ತುವ ಮೇಲಧಿಕಾರಿಗಳನ್ನು ಸಹಿಸಬಹುದು, ಕೂಗಿ ಕೂಗಿ ಅವರಿಗೇ ಸುಸ್ತಾಗುತ್ತದೆ. ಈಕೆ ಬೈಯುವುದು ಮುದ್ದಿನ ಮಾತಿನಲ್ಲಿ. ಸಣ್ಣ ತಪ್ಪಾದರೆ "ಪುಟ್ಟ" ಅನ್ನುತ್ತಿದ್ದರು. ಸ್ವಲ್ಪ ದೊಡ್ಡದಾದರೆ "ಕಂದ". "ಬಂಗಾರ" ಅಂದರೋ, ಮುಗಿಯಿತು, ಆ ಹುಡುಗಿಯ ಗ್ರಹಚಾರ ನೆಟ್ಟಗಿಲ್ಲ ಅಂತ ಅರ್ಥ. ಹೊಸದಾಗಿ ಸೇರಿದ ತಿಪ್ಪಸಂದ್ರದ ಹುಡುಗಿಯೊಬ್ಬಳು ಮೊದಲ ವಾರವೇ "ಮೇಡಂ ಎಷ್ಟು ಒಳ್ಳೇವ್ರಕ್ಕ, ನನ್ನ ಬಂಗಾರ ಅಂದ್ರು" ಅಂತ ಖುಷಿಯಿಂದ ಹೇಳಿಕೊಂಡಳು. ಮಾರನೆಯ ದಿನ ಅವಳ ಜಾಗ ಖಾಲಿ ಇತ್ತು.

ಅವರ ಇನ್ನೊಂದು ಅಭ್ಯಾಸವೆಂದರೆ, ಕೆಟ್ಟ ಬೋರ್ಡು ಮಾಡಿದವಳನ್ನು ಊಟದ ಸಾಲಿನಲ್ಲಿ ಆ ಬೋರ್ಡು ಹಿಡಿಸಿ ನಿಲ್ಲಿಸುವುದು. ತಟ್ಟೆ ಒಂದು ಕೈಯಲ್ಲಿ, ಬೋರ್ಡು ಇನ್ನೊಂದು ಕೈಯಲ್ಲಿ. ಪ್ಯಾಕಿಂಗ್‌ನ ಗಂಡು ಹುಡುಗರು "ಏನವ್ವಾ, ಸಾರಿಗೆ ನಂಚ್ಕೊಳ್ಳಕ್ಕಾ?" ಅಂತ ಕೇಳುತ್ತಿದ್ದರು. ಎಷ್ಟೋ ಹುಡುಗಿಯರು ಸಾಲಿನಿಂದ ಹಾಗೇ ಹಿಂದಕ್ಕೆ ಹೋಗಿ ಉಪವಾಸ ಇದ್ದುಬಿಡುತ್ತಿದ್ದರು. ಮೇಡಂ ಮಾತ್ರ ಮೂಲೆಯ ಟೇಬಲ್ಲಿನಲ್ಲಿ ಕೂತು, ತಮ್ಮ ಡಬ್ಬಿಯ ಮೊಸರನ್ನವನ್ನು ನಿಧಾನವಾಗಿ, ಕೈಗೆ ಒಂದು ಅಗುಳೂ ಅಂಟದ ಹಾಗೆ ಉಣ್ಣುತ್ತಿದ್ದರು.

ಇನ್ನು ನಾಗರಾಜ ಕೇಳಿದ ಒಳ್ಳೆ ಮಾತು. ಅದನ್ನೂ ಹೇಳಿಬಿಡುತ್ತೇನೆ, ಆಮೇಲೆ ಅದರ ಗೋಜು ಬೇಡ. ಫ್ಯಾಕ್ಟರಿ ಬಸ್ಸುಗಳ ಉಸ್ತುವಾರಿ ನೋಡುತ್ತಿದ್ದ ಒಬ್ಬ ಮನುಷ್ಯ ಹತ್ತುವಾಗ ಇಳಿಯುವಾಗ ಹುಡುಗಿಯರ ಮೈ ಮುಟ್ಟುತ್ತಿದ್ದ. ಯಾರೋ ಅಳುತ್ತಾ ಮೇಡಂಗೆ ಹೇಳಿದರು. ಮೇಡಂ ಅವನನ್ನು ಎಲ್ಲರೆದುರು ಕರೆದು, "ಬಂಗಾರ, ನಿಮ್ಮ ಹೆಂಡತಿ ಎಷ್ಟು ಹೊತ್ತಿಗೆ ಮನೇಲಿರ್ತಾರೆ? ನಾಳೆ ಅವರನ್ನೇ ಬಸ್ಸಿಗೆ ಕಳಿಸಿ, ಅವರ ಎದುರಿಗೇ ಹುಡುಗಿಯರನ್ನ ಹತ್ತಿಸುವಿರಂತೆ" ಅಂದರು. ಅವನು ಆ ವಾರವೇ ಕೆಲಸ ಬಿಟ್ಟ. ನಾವು ಮನಸ್ಸಿನಲ್ಲೇ ಕೈ ಮುಗಿಯುತ್ತಿರುವಾಗ ಮೇಡಂ ಅಳುತ್ತಿದ್ದ ಹುಡುಗಿಯ ಕಡೆ ತಿರುಗಿ, "ನೀನೂ ಅಷ್ಟೇ ಕಂದ, ದುಪಟ್ಟಾ ಅಂಗಡಿಯವನು ಕೊಟ್ಟಿರೋದು ಕತ್ತಿಗೆ ನೇತು ಹಾಕ್ಕೊಳ್ಳೋಕಲ್ಲ" ಅಂದರು. ಹಾಗೆ ಆ ಒಳ್ಳೆಯ ಮಾತಿಗೂ ಬಾಲ ಸೇರಿಕೊಂಡಿತು.

ನಮ್ಮ ಫ್ಯಾಕ್ಟರಿ ಇದ್ದದ್ದು ರಾಮನಗರದಿಂದ ಬೆಂಗಳೂರು ಕಡೆಗೆ ಹೋಗುವ ರಸ್ತೆಯಲ್ಲಿ. ರಾಮನಗರ ಆಗತಾನೆ ಜಿಲ್ಲೆಯಾಗಿತ್ತು. ಹಿಪ್ಪುನೇರಳೆ ಹೊಲಗಳ ಮಧ್ಯೆ ನೀಲಿ ತಗಡಿನ ಶೆಡ್ಡುಗಳು ಒಂದೊಂದಾಗಿ ಎದ್ದು ನಿಲ್ಲುತ್ತಿದ್ದವು. ನಮ್ಮಲ್ಲಿ ತಯಾರಾಗುತ್ತಿದ್ದದ್ದು ಅಂಗೈ ಅಗಲದ ಹಸಿರು ಬೋರ್ಡು. ಅದರ ಮೇಲೊಂದು ಪುಟಾಣಿ ಕಂಪ್ಯೂಟರ್, ಒಂದು ಅಂಚಿಗೆ ಎರಡು ಈಥರ್ನೆಟ್ ಪೋರ್ಟು. ಕಂಪ್ಯೂಟರಿನ ಹಿಂಭಾಗದಲ್ಲಿ ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಚೌಕ ತೂತು ಇರುತ್ತದಲ್ಲ, ಅದೇ. ಈ ಬೋರ್ಡು ಬೇರೆ ಕಂಪನಿಗಳ ದೊಡ್ಡ ಯಂತ್ರಗಳ ಹೊಟ್ಟೆಯೊಳಗೆ ಹೋಗಿ ಕೂರುತ್ತಿತ್ತು. ಒಂದು ಪೋರ್ಟಿಂದ ಹಿಂದಿನ ಯಂತ್ರದ ಮಾತು ಕೇಳಿಸಿಕೊಂಡು, ಇನ್ನೊಂದರಿಂದ ಮುಂದಿನ ಯಂತ್ರಕ್ಕೆ ದಾಟಿಸುವುದು ಅದರ ಕೆಲಸ. ನಡುವೆ ಒಂದು ಬೋರ್ಡಿನ ಒಂದು ಪೋರ್ಟು ಮೂಕವಾದರೂ ಅಲ್ಲಿಂದಾಚೆಯ ಯಂತ್ರಗಳೆಲ್ಲ ಸುಮ್ಮನೆ ನಿಂತುಬಿಡುತ್ತವೆ. ಆದ್ದರಿಂದ ಪ್ರತಿ ಬೋರ್ಡಿನ ಎರಡು ಪೋರ್ಟನ್ನೂ ಪರೀಕ್ಷೆ ಮಾಡಿಯೇ ಹೊರಗೆ ಕಳಿಸಬೇಕಿತ್ತು. ಆ ಪರೀಕ್ಷೆಯ ಟೇಬಲ್ಲು ನನ್ನದು.

ಪರೀಕ್ಷೆ ಹೇಗೆಂದರೆ, ಬೆಂಗಳೂರಿನ ಹೆಡ್ ಆಫೀಸಿನಿಂದ ಒಂದು ಬೋರ್ಡು ಬಂದಿತ್ತು. ಅದು ಸರಿಯಾದ ಬೋರ್ಡು, ಅದನ್ನು ನೋಡಿ ಉಳಿದದ್ದರ ಯೋಗ್ಯತೆ ಅಳೆಯಬೇಕು. ಹೊಸ ಬೋರ್ಡನ್ನು ತಂದು ಎರಡು ಕೇಬಲ್ಲಿನಿಂದ ಇದಕ್ಕೆ ಜೋಡಿಸುವುದು. ಹೆಡ್ ಆಫೀಸಿನದು ಒಂದು ಮಾತು ಕಳಿಸಿದರೆ ಹೊಸದು ಹಾಗೇ ವಾಪಸ್ ಕಳಿಸಬೇಕು. ಪೋರ್ಟಿನ ಹಸಿರು ದೀಪ ಹತ್ತಬೇಕು, ಹಳದಿ ದೀಪ ಮಿಣುಕಬೇಕು. ಒಂದೇ ಒಂದು ಮಾತು ದಾರಿಯಲ್ಲಿ ಕಳೆದುಹೋದರೂ ಹೊಸ ಬೋರ್ಡು ಫೇಲು. ಇದಕ್ಕೆ ನಾವು ಹುಡುಗಿಯರು ಹೆಸರಿಟ್ಟಿದ್ದೆವು. ಹೆಡ್ ಆಫೀಸಿನ ಬೋರ್ಡು "ಅತ್ತೆ". ಸಾಲಾಗಿ ಬರುವ ಹೊಸವೆಲ್ಲ "ಸೊಸೆ". "ಅಕ್ಕ, ಇವತ್ತು ಎಷ್ಟು ಸೊಸೆಗಳು ಪಾಸು?" ಅಂತ ಕೇಳುವುದು, ನಗುವುದು. ಕೊನೆಗೆ ಮೇಡಂ ಕೂಡ ಹಾಗೇ ಕರೆಯತೊಡಗಿದರು.

ಅತ್ತೆಗೆ ನಡೆಯುತ್ತಿದ್ದ ಉಪಚಾರ ನೋಡಬೇಕಿತ್ತು ನೀವು. ಗಾಜಿನ ಮುಚ್ಚಳದ ಪೆಟ್ಟಿಗೆ, ಕೆಳಗೆ ಮೆತ್ತನೆಯ ಹಾಸು. ಆಯುಧಪೂಜೆಯ ದಿನ ಸೇವಂತಿಗೆ ಹೂವು, ಅರಿಶಿನ ಕುಂಕುಮ, ಅದೂ ಮುಚ್ಚಳದ ಮೇಲೆ ಮಾತ್ರ. ಕುಂಕುಮದ ಪುಡಿ ಒಳಗೆ ಬಿದ್ದೀತೆಂದು ಮೇಡಂ ತಾವೇ ನಿಂತು ಹಚ್ಚಿಸುತ್ತಿದ್ದರು. ಇನ್ನೊಂದು ಕಟ್ಟುನಿಟ್ಟು ಇತ್ತು. ಒಂದೊಂದು ಸೊಸೆಯ ಪರೀಕ್ಷೆ ಮುಗಿದ ಮೇಲೆ ಕೇಬಲ್ಲನ್ನು ಸೊಸೆಯ ಕಡೆಯಿಂದ ಮಾತ್ರ ಬಿಚ್ಚಿದರೆ ಸಾಲದು. ಅತ್ತೆಯ ಕಡೆಯೂ ಬಿಚ್ಚಿ, ಒರೆಸಿ, ಮತ್ತೆ ಸಿಕ್ಕಿಸಬೇಕು. "ಟಿಕ್ ಅಂತ ಕೇಳಿಸ್ಬೇಕು ಪುಟ್ಟ, ಎರಡು ಕಡೇನೂ" ಅನ್ನುತ್ತಿದ್ದರು. ಹೆಡ್ ಆಫೀಸಿನವರು ಹೇಳಿದ ನಿಯಮವಲ್ಲ ಅದು, ಅವರ ಸ್ವಂತದ್ದು. ದಿನವಿಡೀ ಬಿಚ್ಚಿ, ಹಾಕಿ, ಬಿಚ್ಚಿ, ಹಾಕಿ ನನ್ನ ಹೆಬ್ಬೆರಳಿನ ಉಗುರು ಸವೆದುಹೋಗಿತ್ತು.

ಈಗ ಭಾಗ್ಯಳ ವಿಷಯಕ್ಕೆ ಬರುತ್ತೇನೆ. ಈ ಮೇಡಂ ಎಂಥವರೆಂದು ತಿಳಿಯಬೇಕಾದರೆ ಭಾಗ್ಯಳಿಗೆ ಏನು ಮಾಡಿದರೆಂದು ತಿಳಿಯಬೇಕು.

ಭಾಗ್ಯ ಚನ್ನಪಟ್ಟಣದ ಬೈರಾಪಟ್ಟಣದಿಂದ ಬರುತ್ತಿದ್ದಳು. ಪೋರ್ಟುಗಳನ್ನು ಬೋರ್ಡಿಗೆ ಕೂರಿಸಿ ಬೆಸುಗೆ ಹಾಕುವ ಕೆಲಸ ಅವಳದು. ಅವಳ ಗಂಡ ಶಿವಣ್ಣ ತೆಂಗಿನ ಮರದಿಂದ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದುಕೊಂಡು ಮಂಚ ಹಿಡಿದಿದ್ದ. ಆಪರೇಷನ್ ಆಗಬೇಕಿತ್ತು. ಭಾಗ್ಯ ಆಗಿನ್ನೂ ಟ್ರೈನಿ. ಟ್ರೈನಿಗಳಿಗೆ ಇಎಸ್‌ಐ, ಅಂದರೆ ಕಾರ್ಮಿಕರ ಆಸ್ಪತ್ರೆ ವಿಮೆ, ಇರಲಿಲ್ಲ. ಕೆಲಸ ಪರ್ಮನೆಂಟ್ ಆದರೆ ಇಎಸ್‌ಐ ಕಾರ್ಡು, ಕಾರ್ಡು ಸಿಕ್ಕರೆ ಗಂಡನಿಗೆ ಆಸ್ಪತ್ರೆ, ಆಸ್ಪತ್ರೆ ಆದರೆ ಅವನು ಎದ್ದು ನಡೆಯುತ್ತಾನೆ. ಅವಳ ತಲೆಯಲ್ಲಿ ಇದ್ದದ್ದು ಅಷ್ಟೇ ಲೆಕ್ಕ. "ಗೌರಿಹಬ್ಬದ ಹೊತ್ಗೆ ಪರ್ಮನೆಂಟ್ ಆಗ್ಬುಡುತ್ತೆ ಅಲ್ವೇನಕ್ಕ?" ಅಂತ ಬಸ್ಸಿನಲ್ಲಿ ದಿನಾ ಕೇಳುವಳು. "ಆಗುತ್ತೆ ಸುಮ್ಮನಿರೇ" ಅನ್ನುತ್ತಿದ್ದೆ. ಯಾಕೆ ಆಗಬಾರದು, ಅವಳು ಹಾಕಿದ ಬೆಸುಗೆ ಒಂದೂ ನನ್ನ ಟೇಬಲ್ಲಿನಿಂದ ವಾಪಸ್ ಹೋಗಿರಲಿಲ್ಲ.

ಆಷಾಢದಲ್ಲಿ ಶುರುವಾಯಿತು ನೋಡಿ. ಬೋರ್ಡುಗಳು ಫೇಲಾಗತೊಡಗಿದವು. ಮೊದಲನೆಯ ಪೋರ್ಟು ಸರಿ, ಎರಡನೆಯದರ ಹಸಿರು ದೀಪ ಹತ್ತುವುದಿಲ್ಲ. ಹತ್ತಿದರೂ ಆರಿಹೋಗುತ್ತದೆ. ಮೇಡಂ ಬಂದು ಫೇಲಾದ ಬೋರ್ಡುಗಳನ್ನು ಭಾಗ್ಯಳ ಮುಂದೆ ಸುರಿದರು. "ಪುಟ್ಟ, ಎರಡನೇ ಪೋರ್ಟು ನಿನಗೆ ಮಲಮಗಳಾ? ಮತ್ತೆ ಬೆಸುಗೆ ಹಾಕು." ಅವಳು ಮತ್ತೆ ಕಾಯಿಸಿ ಹಾಕಿದಳು. ಮತ್ತೆ ಫೇಲು. ಇನ್ನೊಮ್ಮೆ ಕಾಯಿಸಿದಳು. ಒಂದೇ ಜಾಗವನ್ನು ಹಾಗೆ ಮೇಲಿಂದ ಮೇಲೆ ಕಾಯಿಸಿದರೆ ಬೋರ್ಡಿನ ಮೇಲಿನ ತಾಮ್ರದ ಗೆರೆ ಸುಟ್ಟ ಚರ್ಮದ ಹಾಗೆ ಎದ್ದುಬರುತ್ತದೆ. ಆಗ ಬೋರ್ಡು ನಿಜವಾಗಿಯೂ ಹಾಳು. ಮೇಡಂ ಅಂಥದ್ದೊಂದನ್ನು ಬೆಳಕಿಗೆ ಹಿಡಿದು, "ನೋಡ್ರಮ್ಮ ಎಲ್ಲರೂ, ಇದಕ್ಕಿಂತ ಸಾಕ್ಷಿ ಬೇಕಾ?" ಅಂದರು. ಭಾಗ್ಯ ಊಟದ ಸಾಲಿನಲ್ಲಿ ಎರಡು ಕೈಯಲ್ಲೂ ಬೋರ್ಡು ಹಿಡಿದು ನಿಂತಳು. ತಟ್ಟೆ ಹಿಡಿಯಲು ಕೈಯೇ ಉಳಿದಿರಲಿಲ್ಲ.

ಒಂದು ದಿನ ಅವಳು ಧೈರ್ಯ ಮಾಡಿ ಬಾಯಿಬಿಟ್ಟಳು. "ಮೇಡಂ, ತಪ್ಪು ತಿಳ್ಕೋಬೇಡಿ. ಅತ್ತೇನೂ ಒಂದ್ಸಲ ನೋಡ್ಬುಡಿ. ಅದ್ರಾಗೇ ಏನಾರ ಆಗಿರ್ಬೋದು."

ಮೇಡಂ ನಿಧಾನವಾಗಿ ಅವಳ ಹತ್ತಿರ ಹೋಗಿ, ಹಣೆಯ ಮೇಲೆ ಬಿದ್ದಿದ್ದ ಕೂದಲನ್ನು ತಾವೇ ಹಿಂದೆ ಸರಿಸಿದರು. "ಕಂದ, ಈ ಮಾತು ನಿಮ್ಮ ಮನೇಲಿ ಹೇಳ್ತೀಯಾ?" ಅಂದರು. ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ, ಭಾಗ್ಯಳೂ ನಕ್ಕಳು. ಯಾರೂ ಅತ್ತೆಯ ಪೆಟ್ಟಿಗೆ ತೆಗೆದು ನೋಡಲಿಲ್ಲ. ನಾವೆಲ್ಲ ಒಂದಲ್ಲ ಒಂದು ಅತ್ತೆಯ ಕೈಕೆಳಗೆ ಬಾಳುತ್ತಿದ್ದವರು. ಸೊಸೆಯ ದೀಪ ಹತ್ತಲಿಲ್ಲವೆಂದರೆ ತಪ್ಪು ಸೊಸೆಯದೇ ಅನ್ನುವುದು ನಮಗೆ ಯಾರೂ ಕಲಿಸಬೇಕಾದ ಪಾಠವಾಗಿರಲಿಲ್ಲ.

ಗೌರಿಹಬ್ಬಕ್ಕೆ ಇನ್ನೇನು ಕೆಲವೇ ದಿನ ಇರುವಾಗ ಮೇಡಂ ಅವಳನ್ನು "ಬಂಗಾರ" ಅಂದರು.

ಮಾರನೆಯ ಬೆಳಿಗ್ಗೆ ಗೇಟಿನ ಹತ್ತಿರ ಭಾಗ್ಯಳ ಅತ್ತೆ ಬಂದು ನಿಂತಿತ್ತು. ನಿಂಗಮ್ಮ ಅಂತ ಆಯಮ್ಮನ ಹೆಸರು. ಮೂಳೆ ಚಕ್ಕಳದ ಮುದುಕಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಬರಿಗಾಲು. ಸೆಕ್ಯುರಿಟಿಯವನು ಎಷ್ಟು ಹೇಳಿದರೂ ಅಲುಗಾಡಲಿಲ್ಲ. ಮೇಡಂ ಹೊರಗೆ ಬಂದಾಗ ಕೈ ಮುಗಿದು, "ಅವ್ವಾ, ನನ್ ಸೊಸೆ ಕೈನಾಗೆ ತಪ್ಪಾಗಕ್ಕಿಲ್ಲ ಕಣವ್ವ. ನಮ್ಮನೇಲಿ ಒಂದು ಮಡಕೆ ಒಡ್ದೋಳಲ್ಲ ಅವ್ಳು. ಒಸಿ ಇನ್ನೊಂದು ಕಿತ ನೋಡ್ಬುಡ್ರವ್ವ. ನನ್ ಮಗ ಮಂಚ ಬುಟ್ಟು ಏಳ್ಬೇಕು" ಅಂದಿತು.

ಮೇಡಂ ಬಗ್ಗಿ ಮುದುಕಿಯ ಭುಜದ ಮೇಲೆ ಕೈ ಇಟ್ಟರು. "ನೀವು ಎಷ್ಟು ಒಳ್ಳೆ ಅತ್ತೆ! ಸೊಸೆ ಪರವಾಗಿ ಇಷ್ಟು ದೂರ ಬಂದಿದ್ದೀರಿ. ಮನೇಲೇ ಸ್ವಲ್ಪ ಕಟ್ಟುನಿಟ್ಟಾಗಿ ಇಟ್ಟಿದ್ದಿದ್ರೆ ಇವತ್ತು ಈ ಗತಿ ಬರ್ತಿರಲಿಲ್ಲ ಅಜ್ಜಿ" ಅಂದರು. ಸೆಕ್ಯುರಿಟಿಯವನಿಗೆ "ಇವರಿಗೆ ನೀರು ಕೊಟ್ಟು ಬಸ್ಸು ಹತ್ತಿಸು" ಅಂತ ಹೇಳಿ ಒಳಗೆ ಹೋದರು. ನಿಂಗಮ್ಮ ನೀರು ಕುಡಿಯಲಿಲ್ಲ, ಬಿಸಿಲಿನಲ್ಲಿ ನಡೆದುಕೊಂಡೇ ರಸ್ತೆಗೆ ಹೋಯಿತು. ನಾನು ಕಿಟಕಿಯಿಂದ ನೋಡುತ್ತಿದ್ದೆ.

ಭಾಗ್ಯಳ ಜಾಗಕ್ಕೆ ಬಂದ ಹುಡುಗಿಯ ಬೋರ್ಡುಗಳೂ ಫೇಲಾಗುತ್ತಲೇ ಇದ್ದವು, ಹೊಸ ಕೈ, ಪಳಗಲಿ ಅಂದರು ಮೇಡಂ. ದಸರೆ ಕಳೆದ ಮೇಲೆ ಆರ್ಡರು ಜಾಸ್ತಿಯಾಯಿತೆಂದು ಹೆಡ್ ಆಫೀಸಿನಿಂದ ಇನ್ನೊಂದು ಪರೀಕ್ಷೆಯ ಬೋರ್ಡು ಬಂತು. ಹುಡುಗಿಯರು ಅದಕ್ಕೆ "ಚಿಕ್ಕತ್ತೆ" ಅಂದರು. ಹೊಸದು ಕೆಟ್ಟದ್ದನ್ನು ಕೆಟ್ಟದ್ದು ಅಂತ ಹೇಳುತ್ತದೋ ಇಲ್ಲವೋ ನೋಡೋಣವೆಂದು ಮೇಡಂ ಗುಜರಿಯ ಟ್ರೇಯಿಂದ ಭಾಗ್ಯ ಮಾಡಿದ್ದ, ಫೇಲಾಗಿದ್ದ ಒಂದು ಬೋರ್ಡು ತರಿಸಿದರು. ಜೋಡಿಸಿದೆ. ಎರಡು ಪೋರ್ಟಿನಲ್ಲೂ ಹಸಿರು ದೀಪ ಹತ್ತಿತು. ಇನ್ನೊಂದು ತಂದೆ, ಅದೂ ಹತ್ತಿತು. ಮತ್ತೊಂದು, ಅದೂ. ಮತ್ತೆ ಮತ್ತೆ ಕಾಯಿಸಿ ಸುಟ್ಟುಹೋಗಿದ್ದವನ್ನು ಬಿಟ್ಟರೆ ಟ್ರೇಯಲ್ಲಿದ್ದವೆಲ್ಲ ಒಳ್ಳೆಯ ಬೋರ್ಡುಗಳೇ.

"ಬಾಗಿಲು ಹಾಕು" ಅಂದರು ಮೇಡಂ. ರೂಮಿನಲ್ಲಿ ಇದ್ದದ್ದು ನಾವಿಬ್ಬರೇ.

ಹಳೆಯ ಅತ್ತೆಯನ್ನು ಪೆಟ್ಟಿಗೆಯಿಂದ ತೆಗೆದು ಭೂತಗನ್ನಡಿಯ ಕೆಳಗಿಟ್ಟರು. ಪೋರ್ಟಿನೊಳಗೆ ಎಂಟು ಚಿನ್ನದ ಬಣ್ಣದ ತಂತಿಗಳು ಸ್ಪ್ರಿಂಗಿನ ಹಾಗೆ ಸಾಲಾಗಿ ಎದ್ದು ನಿಂತಿರುತ್ತವೆ. ಕೇಬಲ್ಲು ಒಳಗೆ ಹೋದಾಗ ಅದನ್ನು ಒತ್ತಿ ಹಿಡಿದುಕೊಳ್ಳುವುದು ಅವೇ. ಎರಡನೆಯ ಪೋರ್ಟಿನಲ್ಲಿ ಒಂದು ತಂತಿ ಸವೆದು ಮಲಗಿಬಿಟ್ಟಿತ್ತು. ಸವೆಯದೆ ಏನು ಮಾಡುತ್ತದೆ? ಪ್ರತಿ ಬೋರ್ಡಿಗೂ ಅತ್ತೆಯ ಕಡೆಯ ಕೇಬಲ್ಲನ್ನು ಬಿಚ್ಚಿಸಿ ಹಾಕಿಸಿದವರು ಯಾರು? ಮೇಡಂ ಗಾಜಿನಿಂದ ಕಣ್ಣು ತೆಗೆಯದೆ ಬಹಳ ಹೊತ್ತು ಕೂತರು. ನನಗೆ ಆ ಹೊತ್ತಿನಲ್ಲಿ ಅವರನ್ನು ನೋಡಿ ಪಾಪ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಈಗ ಅಳುತ್ತಾರೇನೋ, ಜೀಪು ತರಿಸಿ ಬೈರಾಪಟ್ಟಣಕ್ಕೆ ಹೊರಡುತ್ತಾರೇನೋ ಅಂದುಕೊಂಡೆ.

"ಬಾಗಿಲು ಹಾಕಿದ್ದೀಯ ತಾನೇ ಬಂಗಾರ?" ಅಂದರು.

ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಆದರೂ ಕೇಳಿದೆ. "ಮೇಡಂ, ಭಾಗ್ಯನ್ನ ವಾಪಸ್ ಕರೆಸಿ. ಪರ್ಮನೆಂಟ್ ಮಾಡಿಸಿ. ಅವಳ ಗಂಡ ಇನ್ನೂ ಮಲಗೇ ಇದ್ದಾನೆ."

"ಕರೆಸಿ ಏನಂತ ಹೇಳಲಿ? ಅತ್ತೇದೇ ತಪ್ಪು ಅಂತಲಾ? ಯಾವ ಮನೇಲಿ ಹಾಗೆ ಹೇಳಿರೋದು ಕೇಳಿದ್ದೀಯ?"

"ಇದು ಮನೆಯಲ್ಲ ಮೇಡಂ, ಫ್ಯಾಕ್ಟರಿ."

"ಹೆಸರಿಟ್ಟವರು ನೀವೇ ಅಲ್ವಾ?" ಅಂದು, ಬೆಸುಗೆಯ ಕಡ್ಡಿ ಕಾಯಲು ಇಟ್ಟರು.

ಹಳೆಯ ಪೋರ್ಟು ಕಿತ್ತು ಹೊಸದನ್ನು ಅವರೇ ಕೂರಿಸಿದರು. ಬೆಸುಗೆ ಎಷ್ಟು ನಾಜೂಕಾಗಿತ್ತೆಂದರೆ ಬದಲಾಯಿಸಿದ್ದು ಅಂತ ಯಾರಿಗೂ ಗೊತ್ತಾಗುವಂತಿರಲಿಲ್ಲ. ಸುಟ್ಟವನ್ನು ಬಿಟ್ಟು ಗುಜರಿ ಟ್ರೇಯ ಬೋರ್ಡುಗಳೆಲ್ಲ ಪಾಸಾಗಿ ಪ್ಯಾಕಿಂಗಿಗೆ ಹೋದವು. ತಿಂಗಳ ಮೀಟಿಂಗಿನಲ್ಲಿ ಜನರಲ್ ಮ್ಯಾನೇಜರು ಚಪ್ಪಾಳೆ ತಟ್ಟಿಸಿ, ಫೇಲಾಗುವುದು ಇಷ್ಟು ಕಮ್ಮಿಯಾಗಿದ್ದು ಹೇಗೆ ಅಂತ ಕೇಳಿದರು. ಮೇಡಂ ಎದ್ದು ನಿಂತು, "ಬೆಸುಗೆ ವಿಭಾಗದಲ್ಲಿ ಒಬ್ಬರನ್ನು ಬದಲಾಯಿಸಿದ್ವಿ ಸಾರ್, ಸರಿಹೋಯ್ತು" ಅಂದರು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಆ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಅಬ್ಬಾ, ಎಂಥ ಹೆಂಗಸು!

ನನಗೆ ತಡೆಯಲಾಗಲಿಲ್ಲ. ಭಾನುವಾರ ಬಸ್ಸು ಹತ್ತಿ ಬೈರಾಪಟ್ಟಣಕ್ಕೆ ಹೋದೆ. ಶಿವಣ್ಣ ಜಗಲಿಯ ಮಂಚದಲ್ಲಿ ಒಂದೇ ಮಗ್ಗುಲಲ್ಲಿ ಮಲಗಿದ್ದ. ಭಾಗ್ಯ ಬಾಣಲಿಯಷ್ಟು ಕಪ್ಪಾಗಿದ್ದಳು, ಬೇರೆಯವರ ಹೊಲದಲ್ಲಿ ಕಳೆ ಕೀಳಲು ಹೋಗುತ್ತಿದ್ದಳಂತೆ. ನಡೆದದ್ದನ್ನೆಲ್ಲ ಹೇಳಿದೆ. ಭಾಗ್ಯ ಕೇಳಿ, ತನ್ನ ಎರಡು ಕೈಯನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ನಿಂಗಮ್ಮ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಅಯ್ಯೋ ನನ್ನವ್ವ, ಅತ್ತೇನೇ ಕೆಟ್ಟೋಗಿತ್ತಾ! ಏಳು ಭಾಗ್ಯ, ನಾಳೀಕೆ ಹೋಗ್ಬುಟ್ಟು ಕೇಳು. ಸತ್ಯ ನಿನ್ ಕಡೀಕೆ ಐತೆ" ಅಂದಿತು.

ಸೋಮವಾರ ಭಾಗ್ಯ ಬಂದಳು. ಗಲಾಟೆ ಮಾಡಿ ಕಳಿಸಿಬಿಡುತ್ತಾರೆ ಅಂತ ನಾನು ಹೆದರಿದ್ದೆ. ಹಾಗಾಗಲಿಲ್ಲ. ಮೇಡಂ ನನ್ನ ಕಡೆ ಒಮ್ಮೆ ನೋಡಿದರು, ಅಷ್ಟರಲ್ಲೇ ಎಲ್ಲ ಅರ್ಥ ಮಾಡಿಕೊಂಡರು. ಎಲ್ಲ ಹುಡುಗಿಯರನ್ನೂ ಟೇಬಲ್ಲಿನ ಸುತ್ತ ನಿಲ್ಲಿಸಿ, ಭಾಗ್ಯಳನ್ನು ಕೂರಿಸಿ, ಒಂದು ಬೋರ್ಡು ಕೊಟ್ಟು ಬೆಸುಗೆ ಹಾಕಿಸಿದರು. ಮೇಡಂ ತಾವೇ ಅದನ್ನು ಹಳೆಯ ಅತ್ತೆಗೆ ಜೋಡಿಸಿದರು. ಎರಡು ಹಸಿರು ದೀಪವೂ ಹತ್ತಿದವು.

"ನೋಡಿದ್ರಾ?" ಅಂದರು ಮೇಡಂ, ಎಲ್ಲರ ಕಡೆಗೂ ತಿರುಗಿ. "ಅದೇ ಅತ್ತೆ, ಅದೇ ಕೈ. ಮನೇಲಿ ಕೂತು ಯೋಚನೆ ಮಾಡಿ ಬಂದಿದ್ದಾಳೆ, ಕೈ ತಿದ್ದಿಕೊಂಡಿದ್ದಾಳೆ. ಶಿಕ್ಷೆ ಯಾಕೆ ಬೇಕು ಅನ್ನೋದು ಈಗ ಗೊತ್ತಾಯ್ತಾ? ತಿದ್ದಿಕೊಂಡು ಬಂದವರಿಗೆ ನಾನು ಯಾವತ್ತೂ ಬಾಗಿಲು ಹಾಕಿಲ್ಲ. ಇವತ್ತಿಂದ ಟ್ರೈನಿಯಾಗಿ ಮತ್ತೆ ಸೇರ್ಕೊಳ್ಳಲಿ."

ಹುಡುಗಿಯರು ಚಪ್ಪಾಳೆ ತಟ್ಟಿದರು. ಟ್ರೈನಿ ಅಂದರೆ ಎಲ್ಲ ಮೊದಲಿನಿಂದ. ಅಲ್ಲಿಯವರೆಗೆ ದುಡಿದದ್ದೆಲ್ಲ ಹೋಯಿತು, ಕಾರ್ಡು ಮತ್ತೆ ದೂರ. "ಮೇಡಂ, ಆ ಅತ್ತೆ..." ಅಂತ ಬಾಯಿ ತೆಗೆದೆ.

"ಸುಧಾ ಏನೋ ಹೇಳ್ಬೇಕಂತೆ. ಹೇಳು ಬಂಗಾರ."

ಅಷ್ಟರಲ್ಲಿ ಭಾಗ್ಯ ಟೇಬಲ್ಲಿನ ಕೆಳಗಿಂದ ನನ್ನ ಕೈ ಹಿಡಿದು ಉಗುರು ನಾಟುವ ಹಾಗೆ ಅದುಮಿದಳು. ಎದ್ದು ನಿಂತು, "ಥ್ಯಾಂಕ್ಸ್ ಮೇಡಂ" ಅಂದಳು.

ಆಮೇಲೆ ಬಾತ್‌ರೂಮಿನಲ್ಲಿ ಅವಳ ಮೇಲೆ ಹರಿಹಾಯ್ದೆ. ನಿನಗೆ ನಾಚಿಕೆ ಇಲ್ಲವೇನೇ, ನಿನ್ನ ಪರವಾಗಿ ನಾನು ಬಾಯಿಬಿಟ್ಟರೆ ನೀನೇ ಮುಚ್ಚಿಸುತ್ತೀಯಲ್ಲ ಅಂದೆ. ಭಾಗ್ಯ ಮುಖ ತೊಳೆದುಕೊಳ್ಳುತ್ತಿದ್ದಳು. "ಸುಮ್ಕಿರಕ್ಕ. ಸತ್ಯ ತಕ್ಕೊಂಡೋಗಿ ಇಎಸ್‌ಐ ಆಸ್ಪತ್ರೇಲಿ ಕೊಟ್ರೆ ಅಡ್ಮಿಟ್ ಮಾಡ್ಕೊತಾರಾ? ನಂಗೆ ಬೇಕಾಗಿರೋದು ಕಾರ್ಡು. ಇವಮ್ಮನ ಕಾಲಿಗೆ ಬೀಳು ಅಂದ್ರೂ ಬಿದ್ದೇನು" ಅಂದಳು.

ಕಾರ್ಡು ಬರುವುದನ್ನು ಶಿವಣ್ಣನ ಮೂಳೆ ಕಾಯಲಿಲ್ಲ. ಅದು ತನ್ನಷ್ಟಕ್ಕೆ ಸೊಟ್ಟಗೆ ಕೂಡಿಕೊಂಡಿತು. ಅವನು ಎದ್ದನೇನೋ ನಿಜ, ಆದರೆ ಒಂದು ಕಾಲು ಗಿಡ್ಡವಾಗಿ, ಕೋಲು ಹಿಡಿದು. ಈಗ ಆಪರೇಷನ್ ಮಾಡಿದರೂ ಪ್ರಯೋಜನವಿಲ್ಲ ಅಂತ ಚನ್ನಪಟ್ಟಣದ ಡಾಕ್ಟರು ಹೇಳಿದರಂತೆ. ಭಾಗ್ಯ ಅದನ್ನು ಬಸ್ಸಿನಲ್ಲಿ ಕೂತು ಹೇಳಿದಳು, ಹೇಳಿ ಟಿಕೆಟ್ಟು ತೆಗೆದುಕೊಂಡಳು.

ಅವರೆಕಾಯಿ ಕಾಲ ಬಂತು. ಒಂದು ಮಧ್ಯಾಹ್ನ ನಿಂಗಮ್ಮ ಮತ್ತೆ ಗೇಟಿನ ಹತ್ತಿರ ಬಂದು ನಿಂತಿತು, ಈ ಸಲ ಕಂಕುಳಲ್ಲಿ ಒಂದು ಗೋಣಿಚೀಲ. ಮೇಡಂ ಹೊರಗೆ ಹೋದರು, ನಾನೂ ಹಿಂದೆಯೇ ಹೋದೆ. ಇವತ್ತು ಈ ಮುದುಕಿ ಸರಿಯಾಗಿ ಉಗಿಯುತ್ತೆ, ಕಣ್ಣು ತುಂಬ ನೋಡಬೇಕು ಅನ್ನುವುದೇ ನನ್ನ ಆಸೆ.

"ನಮ್ ಹೊಲದ ಬದೀನಾಗೆ ಬಿಟ್ಟಿದ್ದು ಕಣವ್ವ. ಮೊದಲ್ನೇ ಕೊಯ್ಲು. ನಿಮಗೇ ಅಂತ ತಂದೆ" ಅಂದಿತು ನಿಂಗಮ್ಮ.

"ಅಯ್ಯೋ, ಯಾಕೆ ಅಜ್ಜಿ ಇದೆಲ್ಲ. ನಿಮ್ಮ ಮಗ ಹೇಗಿದ್ದಾನೆ?"

"ಕುಂಟ್ಕೊಂಡು ಓಡಾಡ್ತಾವ್ನೆ. ನಿಮ್ ದಯ."

ನಾನು ಮುದುಕಿಯ ಮುಖವನ್ನೇ ನೋಡಿದೆ. ಅದರಲ್ಲಿ ಒಂದಿಷ್ಟೂ ಕುಹಕ ಇರಲಿಲ್ಲ. ಮೇಡಂ ಚೀಲ ತೆಗೆದುಕೊಂಡು ಒಳಗೆ ಹೋದ ಮೇಲೆ ನಾನು ತಡೆಯಲಾರದೆ, "ಏನಜ್ಜಿ ನೀನು, ಎಲ್ಲಾ ಗೊತ್ತಿದ್ದೂ ಅವಳಿಗೆ ಅವರೆಕಾಯಿ ತಂದು ಕೊಡ್ತೀಯಲ್ಲ!" ಅಂದೆ.

"ತಪ್ಪು ಯಾರ್ದಾರ ಆಗ್ಲಿ ಮಗ" ಅಂದಿತು ನಿಂಗಮ್ಮ. "ಆಚೀಕೆ ಹಾಕ್ದೋಳ್ನ ವಾಪಸ್ ಸೇರುಸ್ಕೊಳ್ಳೋರು ಎಲ್ಲವ್ರೆ? ನಮ್ಮತ್ತೆ ನನ್ನ ಆಚೀಕೆ ಹಾಕ್ದಾಗ ಮೂರು ವರ್ಸ ತವರುಮನೇಲಿ ಬಿದ್ದಿದ್ದೆ ನಾನು. ಒಬ್ರೂ ಬಾ ಅನ್ನಲಿಲ್ಲ." ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸಿನ ಕಡೆ ಹೊರಟುಹೋಯಿತು.

ಒಳಗೆ ಮೇಡಂ ಚೀಲವನ್ನು ಬಿಚ್ಚಿ ನನ್ನ ಪರೀಕ್ಷೆಯ ಟೇಬಲ್ಲಿನ ಮೇಲೆ ಸುರಿದುಕೊಂಡಿದ್ದರು. ಸೊಗಡಿನ ವಾಸನೆ ರೂಮೆಲ್ಲ ಹರಡಿತ್ತು. ಕಾಯಿಗಳನ್ನು ಎರಡು ಪಾಲು ಮಾಡಿ ಒಂದನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ ನನ್ನ ಕಡೆ ತಳ್ಳಿದರು. "ತಗೋ ಸುಧಾ. ಅವಳನ್ನ ವಾಪಸ್ ಕರ್ಕೊಂಡು ಬಂದೋಳು ನೀನೇ ತಾನೇ, ನಿನ್ನ ಪಾಲೂ ಇದೆ ಇದರಲ್ಲಿ" ಅಂದರು. ಪುಟ್ಟ ಅನ್ನಲಿಲ್ಲ, ಬಂಗಾರ ಅನ್ನಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವವರು ಮಾತಾಡಿಸುವ ಹಾಗೆ ಮಾತಾಡಿಸಿದರು.

ಬಸ್ ಸ್ಟ್ಯಾಂಡಿನವರೆಗೂ ಆ ಕವರನ್ನು ಎಲ್ಲಾದರೂ ಎಸೆದುಬಿಡಬೇಕು ಅಂದುಕೊಳ್ಳುತ್ತಲೇ ನಡೆದೆ. ಬೀದಿಯ ಹಸುವೊಂದು ಮೂಸಿಕೊಂಡು ಹತ್ತಿರ ಬಂತು. ಅದನ್ನು ಹಚಾ ಅಂತ ಓಡಿಸಿದೆ. ಮನೆಗೆ ತಂದು, ಸುಲಿದು, ಕೊಬ್ಬರಿ ಮಸಾಲೆ ರುಬ್ಬಿ ಸಾರು ಮಾಡಿದೆ, ಮುದ್ದೆ ಕಟ್ಟಿದೆ. ನಮ್ಮ ಯಜಮಾನರು ಚೆನ್ನಾಗಿದೆ ಅಂತ ಎರಡನೆಯ ಸಲ ಹಾಕಿಸಿಕೊಂಡರು. ನಾನೂ ಹಾಕಿಕೊಂಡೆ.